ಆಸ್ಪತ್ರೆ ಮೈಸೂರಿಗಿಂತ ದೂರ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೀವು ನಂಬುವುದಿಲ್ಲ. ನನ್ನ ಕ್ಲಾಸಿನಲ್ಲಿ ಯಾರೂ ನಂಬಲಿಲ್ಲ. ಆದರೆ ನಾನು ಕಾಡಾನೆಗೆ ಗೇಟು ತೆಗೆದುಕೊಟ್ಟೆ ಎಂದಾಗಲೂ ಅವರು ನಂಬಿರಲಿಲ್ಲ, ಹಾಗಾಗಿ ಅವರ ಮಾತು ಬಿಡಿ. ಹದಿನಾರನೇ ವಯಸ್ಸಿಗೆ ನಾನು ಒಂದು ಸಂಶೋಧನಾ ಸಂಸ್ಥೆಯ ಅರ್ಧ ಭಾಗವಾಗಿದ್ದೆ. ಇನ್ನರ್ಧ ನನ್ನ ಅತ್ತೆ, ಅಪ್ಪನ ತಂಗಿ.

ಅತ್ತೆ ಮೈಸೂರಿನ ಕೆಲಸ ಬಿಟ್ಟು ಬಂದು, ಕುಶಾಲನಗರದಲ್ಲಿ ಬಿತ್ತನೆ ಶುಂಠಿ ಮಾರುವ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದಿದ್ದಳು. ಸಮುದಾಯ ಸಂಶೋಧನೆ ಮತ್ತು ಆರೋಗ್ಯ ಸಮಾನತೆ ಸಲಹಾ ಕೇಂದ್ರ ಎಂದು ಗೋಡೆಯ ಮೇಲೆ ಬರೆಸಿದಳು. ಹೆಸರು ಎಷ್ಟು ಉದ್ದವಿತ್ತೆಂದರೆ ಪೇಂಟರಿಗೆ ಗೋಡೆ ಸಾಲದೆ, ಕೊನೆಯ ಪದ ಮೂಲೆ ತಿರುಗಿ ಮೆಟ್ಟಿಲ ಕಡೆ ಹೋಯಿತು. ಆ ಕಡೆಯಿಂದ ಬಂದವರಿಗೆ ಬರೀ ‘ಕೇಂದ್ರ’ ಕಾಣುತ್ತಿತ್ತು. ಮೊದಲ ವಾರ ಮೇಲೆ ಹತ್ತಿ ಬಂದ ಮೂವರಲ್ಲಿ ಇಬ್ಬರು ಆಧಾರ್ ತಿದ್ದಿಸಲು ಬಂದವರು, ಒಬ್ಬರು ಶುಂಠಿಯ ರೇಟು ಕೇಳಲು ಬಂದವರು.

ಈ ಕೇಂದ್ರ ಏನು ಮಾಡುತ್ತದೆ ಎಂದು ಅತ್ತೆ ನನಗೆ ಸರಳವಾಗಿ ಹೇಳಿದ್ದಳು. ಒಂದೇ ಊರು, ಒಂದೇ ಡಾಕ್ಟರು, ಆದರೂ ಒಬ್ಬರಿಗೆ ಔಷಧಿ ಸಿಗುತ್ತದೆ, ಇನ್ನೊಬ್ಬರಿಗೆ ಸಿಗುವುದಿಲ್ಲ. ಯಾಕೆ ಎಂದು ಸಿಗದವರನ್ನೇ ಕೇಳುವುದು, ಅವರ ಜೊತೆ ಕೂತೇ ಹುಡುಕುವುದು. ಇದನ್ನು ಕೇಳಿದ ಅಪ್ಪ, ‘ಕೇಳೋದೂ ಒಂದು ಕೆಲ್ಸನಾ’ ಎಂದು ಊಟಕ್ಕೆ ಕೂತರು.

ಅಪ್ಪ ಎಸ್ಟೇಟಿನಲ್ಲಿ ರೈಟರು. ಬೆಳಿಗ್ಗೆ ಆಳುಗಳ ಹಾಜರಿ ಕರೆಯುವುದು, ಸಂಜೆ ಅವರು ಕೊಯ್ದ ಕಾಫಿ ಹಣ್ಣನ್ನು ತೂಗಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಅತ್ತೆಗೆ ಮೊದಲ ಕೆಲಸ ಬಂದದ್ದೂ ಅದೇ ಎಸ್ಟೇಟಿನಿಂದ. ನಮ್ಮ ಎಸ್ಟೇಟಿನವರೂ ಅಕ್ಕಪಕ್ಕದವರೂ ಸೇರಿ, ಗೇಟಿನ ಹತ್ತಿರದ ಆಸ್ಪತ್ರೆಯಲ್ಲಿ ಬುಧವಾರ ಮಧ್ಯಾಹ್ನ ಹೆಂಗಸರಿಗೆ ಉಚಿತ ತಪಾಸಣೆ ಇಟ್ಟಿದ್ದರು. ಡಾಕ್ಟರಮ್ಮ ಬಂದು, ನಾಲ್ಕು ಗಂಟೆಯವರೆಗೆ ನೊಣ ಹೊಡೆದು, ಟೀ ಕುಡಿದು ಹೋಗುತ್ತಿದ್ದರು. ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳಿಂದ ಒಬ್ಬರೂ ಹೋಗುತ್ತಿರಲಿಲ್ಲ. ಯಾಕೆ ಎಂದು ಸೋಮವಾರದೊಳಗೆ ಹೇಳಿದರೆ ಉಳಿದ ಎಸ್ಟೇಟುಗಳ ಕೆಲಸವೂ ಅತ್ತೆಗೇ. ಹೇಳಲಾಗದಿದ್ದರೆ ಗೋಡೆಗೆ ಸುಣ್ಣ ಬಳಿಸಿ ಮೈಸೂರಿಗೆ ವಾಪಸು ಎಂದು ಅವಳೇ ತೀರ್ಮಾನಿಸಿದ್ದಳು.

ಮೊದಲ ಸಭೆ ಏರ್ಪಡಿಸಿದ್ದು ನಾನು. ಎಲ್ಲ ಹೆಂಗಸರೂ ಒಟ್ಟಿಗೆ ಸಿಗುವುದು ಎಲ್ಲಿ? ಬೆಳಗಿನ ಹಾಜರಿಯಲ್ಲಿ. ಈ ಯೋಚನೆ ಹೊಳೆದಾಗ ನನ್ನ ಬುದ್ಧಿಗೆ ನಾನೇ ಬೆರಗಾಗಿದ್ದೆ. ಅಪ್ಪ ಪುಸ್ತಕ ಹಿಡಿದು ನಿಂತರು, ಪಕ್ಕದಲ್ಲಿ ಅತ್ತೆ ಪ್ರಶ್ನೆಗಳ ಹಾಳೆ ಹಿಡಿದು ನಿಂತಳು. ಹೆಂಗಸರು ದಿನದ ಸಾಲಿನಲ್ಲೇ ನಿಂತು, ಅತ್ತೆಯ ಪ್ರಶ್ನೆಗೆ ಅಪ್ಪನ ಮುಖ ನೋಡಿಕೊಂಡು ತೊಂದರೆ ಇಲ್ಲ ಎಂದರು. ಒಬ್ಬಾಕೆ ಪ್ರಶ್ನೆ ಬಾಯಿಂದ ಹೊರಡುವ ಮೊದಲೇ ತೊಂದರೆ ಇಲ್ಲ ಎಂದಳು. ಇನ್ನೊಬ್ಬಾಕೆ ಅವತ್ತು ಬಾರದ ತನ್ನ ನಾದಿನಿಗೂ ಸೇರಿಸಿ ತೊಂದರೆ ಇಲ್ಲ ಎಂದಳು. ಇಡೀ ಕೊಡಗಿನಲ್ಲಿ ಇಷ್ಟು ಬೇಗ ಮುಗಿದ ಸಂಶೋಧನೆ ಇನ್ನೊಂದಿಲ್ಲ ಎಂದು ನಾನು ಬೀಗುತ್ತಿದ್ದೆ. ಅತ್ತೆ ಹಾಳೆಗಳನ್ನು ಒಂದೊಂದಾಗಿ ತಿರುವಿ ಕೆಳಗಿಟ್ಟಳು.

‘ಇದು ಸಂಶೋಧನೆ ಅಲ್ಲ ಪುಟ್ಟಿ,’ ಎಂದಳು. ‘ಹಾಜರಿ.’

ಉಳಿದಿದ್ದು ಭಾನುವಾರ ಒಂದೇ. ಅಪ್ಪ ಸಂತೆಗೆ ಹೋಗಿದ್ದರು. ಅತ್ತೆ ಈ ಸಲ ಹಾಳೆಯನ್ನೇ ತರಲಿಲ್ಲ. ಲೈನ್ ಮನೆಗಳಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿಯ ಬಾಗಿಲಲ್ಲಿ ಕೂತು, ನನಗೆ ಕೇಳೋಕೆ ಬರಲಿಲ್ಲ, ಹೇಗೆ ಕೇಳಬೇಕು ನೀವೇ ಹೇಳಿಕೊಡಿ ಎಂದಳು. ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಏಳೆಂಟು ಹೆಂಗಸರನ್ನು ಕೂಗಿ ಕರೆದು, ನಮ್ಮನ್ನೆಲ್ಲ ಕಾಫಿ ಒಣಗಿಸುವ ಕಣಕ್ಕೆ ನಡೆಸಿಕೊಂಡು ಹೋದಳು. ಒಂದು ಮೂಲೆಯ ಕಾಫಿಯನ್ನು ಪಕ್ಕಕ್ಕೆ ಎಳೆಸಿ, ಸಿಮೆಂಟು ನೆಲದ ಮೇಲೆ ಊರನ್ನು ಬಿಡಿಸಿ ಎಂದಳು.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಭಾರತದ ನಕ್ಷೆ ಬಿಡಿಸಿದವಳು, ಶ್ರೀಲಂಕಾ ಒಂದು ಮರೆತಿತ್ತು ಅಷ್ಟೆ. ಆದರೆ ಇಂಥ ನಕ್ಷೆಯನ್ನು ನಾನು ಕಂಡಿರಲಿಲ್ಲ. ಒಣಗಿದ ಕಾಫಿಯ ಸಾಲು ಲೈನ್ ಮನೆಗಳಾಯಿತು. ತೋಟದ ಸಿಲ್ವರ್ ಮರದ ಎಲೆಗಳು ರಸ್ತೆಯಾದವು. ಒಬ್ಬಾಕೆ ಮೈಸೂರಿಗೆಂದು ಒಂದು ಕಲ್ಲನ್ನು ಮನೆಗಳ ಪಕ್ಕದಲ್ಲೇ ಇಟ್ಟಳು. ರಜೆ ದಿನ ಗೇಟಿನಲ್ಲಿ ಬಸ್ ಹತ್ತಿದರೆ ಆಯಿತಲ್ಲ ಎಂದಳು. ಆಮೇಲೆ ಅಜ್ಜಿ ಒಂದು ಹಲಸಿನ ಎಲೆ ಹಿಡಿದು ಎದ್ದಳು. ಕಣದ ಉದ್ದಕ್ಕೂ ನಡೆದಳು, ನಡೆದೇ ನಡೆದಳು, ಆಚೆ ತುದಿಯ ತಂತಿಬೇಲಿಯ ಬುಡದಲ್ಲಿ ಎಲೆ ಇಟ್ಟು ವಾಪಸು ಬಂದಳು. ಅದು ಆಸ್ಪತ್ರೆ.

ತಿದ್ದುವುದು ನನ್ನ ಕರ್ತವ್ಯ ಎಂದುಕೊಂಡೆ. ‘ಅಜ್ಜಿ, ಆಸ್ಪತ್ರೆ ಗೇಟ್ ಪಕ್ಕದಲ್ಲೇ ಇದೆಯಲ್ಲ.’

‘ನಿಂಗೆ ಗೇಟ್ ಪಕ್ಕ,’ ಎಂದಳು ಅಜ್ಜಿ.

ಎಲೆಗೂ ಮನೆಗೂ ನಡುವೆ ಅವಳು ಒಂದು ಇಟ್ಟಿಗೆ ಇಟ್ಟಳು. ಅದು ತೂಕದ ಜಾಗ. ಮೂರೂವರೆಯವರೆಗೆ ಕೊಯ್ಲು, ಆಮೇಲೆ ತೂಕ, ಮುಗಿಯುವಾಗ ಐದು; ಡಾಕ್ಟರಮ್ಮ ನಾಲ್ಕಕ್ಕೇ ಹೊರಟಿರುತ್ತಾರೆ. ಹಿಂದೊಮ್ಮೆ ಚೀಲ ಅದಲುಬದಲಾಗಿ ಜಗಳವಾದ ಮೇಲೆ, ಕೊಯ್ದವಳೇ ತನ್ನ ಚೀಲದ ಪಕ್ಕ ನಿಂತಿರಬೇಕು ಎಂದು ಅಪ್ಪ ಮಾಡಿದ ನಿಯಮ. ನಡುವೆ ಎದ್ದು ಹೋದರೆ ಆ ದಿನ ಕೊಯ್ದದ್ದು ಪುಸ್ತಕಕ್ಕೆ ಏರುವುದಿಲ್ಲ. ಇದನ್ನು ಹೇಳುತ್ತಾ ಒಬ್ಬಾಕೆ ತನ್ನ ಹೊಟ್ಟೆಯ ಗಡ್ಡೆಯ ಮಾತು ತೆಗೆದಳು. ಅದು ಕೊಯ್ಲು ಶುರುವಾದಾಗಿನಿಂದ ಬೆಳೆಯುತ್ತಲೇ ಇತ್ತು. ಬುಧವಾರ ಬಂದಾಗಲೆಲ್ಲ ಅವಳು ಚೀಲದ ಪಕ್ಕ ನಿಂತಿದ್ದಳು. ಅತ್ತೆ ಮೊಣಕಾಲೂರಿ ಕೂತಿದ್ದಳು, ಪೆನ್ನಿನ ಮುಚ್ಚಳ ತೆಗೆಯುವುದನ್ನೂ ಮರೆತಿದ್ದಳು.

ಆಗ ತಂತಿಬೇಲಿಯ ಕಡೆಯಿಂದ ಸಂತೆ ಚೀಲ ಹಿಡಿದು ಅಪ್ಪ ಬಂದರು.

ಹೆಂಗಸರೆಲ್ಲ ಎದ್ದರು, ಯಾರೂ ಹೇಳದೆಯೇ ಸಾಲಾದರು. ಇದೇನು ಎಂದು ಅಪ್ಪ ಕೇಳಿದರು. ಜಾಗ್ರಫಿ ಪ್ರಾಜೆಕ್ಟ್ ಎಂದೆ. ನನ್ನ ಜೀವನದ ಅತಿ ಸಣ್ಣ ಸುಳ್ಳು ಅದು. ಇನ್ನೇನು ಮತ್ತೆ ‘ತೊಂದರೆ ಇಲ್ಲ’ ಎಂಬ ಮಾತು ಬಂದೇಬಿಡುತ್ತದೆ, ಸೋಮವಾರಕ್ಕೆ ಅತ್ತೆಯ ಹತ್ತಿರ ಏನೂ ಉಳಿಯುವುದಿಲ್ಲ ಎಂದುಕೊಂಡೆ.

ಅಜ್ಜಿ ಎದ್ದಿರಲಿಲ್ಲ.

‘ರೈಟರೇ, ಕಾಲು ಒಂಚೂರು ಈಚೆ ಇಡಿ. ಆಸ್ಪತ್ರೆ ತುಳೀತಿದ್ದೀರಿ.’

ಅಪ್ಪ ಕೆಳಗೆ ನೋಡಿ ಕಾಲು ತೆಗೆದರು. ಅಜ್ಜಿ ಕೂತಲ್ಲಿಂದಲೇ ನಕ್ಷೆ ಓದಿದಳು: ಮನೆ, ಇಟ್ಟಿಗೆ, ಎಲೆ. ಗಡ್ಡೆಯ ಮಾತನ್ನೂ ಹೇಳಿದಳು, ಯಾರದ್ದು ಎಂದು ಹೇಳಲಿಲ್ಲ. ಅಪ್ಪ ಇಟ್ಟಿಗೆಯ ಹತ್ತಿರ ಬಂದು ನಿಂತರು.

‘ಒಂದು ಮಾತು ಹೇಳಬಾರ್ದಿತ್ತಾ?’

‘ಹೇಳಿದ್ವಿ. ನೀವು ತಕ್ಕಡಿ ನೋಡ್ತಿದ್ರಿ.’

ಅಪ್ಪನಿಗೆ ಇಂಥ ಉತ್ತರ ಕೊಟ್ಟವರು ಇವತ್ತಿಗೂ ಬದುಕಿದ್ದಾರೆ ಎಂದರೆ ನಮ್ಮ ಮನೆಯಲ್ಲೇ ಯಾರೂ ನಂಬುವುದಿಲ್ಲ. ಅಪ್ಪ ಸಂತೆ ಚೀಲ ಕೆಳಗಿಟ್ಟರು. ಬುಧವಾರ ಆಸ್ಪತ್ರೆಗೆ ಹೋಗುವವರ ಹಣ್ಣನ್ನು ಎರಡೂವರೆಗೇ, ಎಲ್ಲರಿಗಿಂತ ಮೊದಲು ತೂಗುತ್ತೇನೆ ಎಂದರು.

‘ಪುಸ್ತಕದಲ್ಲಿ ಬರೀರಿ,’ ಎಂದಳು ಅಜ್ಜಿ.

ಅಪ್ಪ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ನಿಂತಲ್ಲೇ ಬರೆದರು. ಬರೆದದ್ದನ್ನು ಓದಿಯೂ ಹೇಳಿದರು. ಆಮೇಲೆ ಅತ್ತೆಯ ಕಡೆ ತಿರುಗಿ, ‘ಮುಗೀತಲ್ಲ ನಿನ್ ಸಂಶೋಧನೆ, ನೀನೂ ಬರ್ಕೋ,’ ಎಂದರು. ನನ್ನ ಕಡೆ ನೋಡಲೇ ಇಲ್ಲ.

‘ಜಾಗ್ರಫಿಯವಳೇ, ನೀನು ನಡಿ ಮನೆಗೆ.’