ತೇಬೊಂಗಿನ ಕಲ್ಲುದೀಪ

ದೆವ್ವ, ಶಕುನ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ನಗುತ್ತಿದ್ದವಳು ನಾನೇ. ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾ ಊರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ನಂಬದಿದ್ದರೆ ಆ ಕೆಲಸ ಮಾಡಲಾಗದು. ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಾತು. ಸ್ವೀಡನ್ನಿನಲ್ಲಿ ಸ್ಟಡಿ ಸರ್ಕಲ್ ಎಂಬ ಹಳೆಯ ಪದ್ಧತಿಯಿದೆ. ನಾಲ್ಕಾರು ಜನ ವಾರಕ್ಕೊಮ್ಮೆ ಸೇರಿ, ಫೀಕಾ ಎಂದು ಕಾಫಿ ಬನ್ನು ಮುಗಿಸುತ್ತ, ತಮಗೆ ಬೇಕಾದ ವಿಷಯ ಕಲಿಯುತ್ತಾರೆ. ನನ್ನ ಸ್ವೀಡಿಷ್ ಸುಧಾರಿಸಲಿ ಎಂದು, ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ನಡೆಯುತ್ತಿದ್ದ ಒಂದಕ್ಕೆ ಸೇರಿಕೊಂಡೆ. ವಿಷಯ, ಸಾವಿರ ವರ್ಷಕ್ಕೂ ಹಿಂದೆ ಕೊರಿಯಾದಲ್ಲಿ ಎರಡು ದಶಕವೂ ಬಾಳದೆ ಹೋದ ತೇಬೊಂಗ್ ಎಂಬ ಬೌದ್ಧ ರಾಜ್ಯ. "ಹೊಯ್ಸಳರ ಬಗ್ಗೆನೇ ನೆಟ್ಟಗೆ ಗೊತ್ತಿಲ್ಲ ನಿಂಗೆ," ಎಂದು ನನ್ನ ಗಂಡ ಗಿರೀಶ ಕಾಲೆಳೆದ. ಸುಳ್ಳೇನಲ್ಲ.

ಸರ್ಕಲ್ ನಡೆಸುತ್ತಿದ್ದವನು ಮಟಿಯಾಸ್, ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುವ ಐವತ್ತರ ಗಂಡಸು. ಕೊರಿಯಾದಲ್ಲಿ ಹುಟ್ಟಿ, ಕೈಗೂಸಾಗಿದ್ದಾಗಲೇ ದತ್ತು ಬಂದು, ಅಪ್ಪಟ ಸ್ವೀಡಿಷ್ ಆಗಿ ಬೆಳೆದವನು. ಕೊರಿಯನ್ ಭಾಷೆಯ ಒಂದು ಮಾತೂ ಬಾರದು. ಅವನನ್ನು ಬಿಟ್ಟರೆ ನಾನು ಮತ್ತು ಇಂಗ್ರಿಡ್ ಎಂಬ ನಿವೃತ್ತ ನರ್ಸ್, ಅಷ್ಟೇ ಸಭೆ.

ತೇಬೊಂಗಿನ ರಾಜನಿಗೆ ಒಂದೇ ಕಣ್ಣು. ಅಪಶಕುನದ ಮಗುವೆಂದು ಹುಟ್ಟಿದಾಗಲೇ ಅವನನ್ನು ಅರಮನೆಯ ಮೇಲಿಂದ ಎಸೆದರಂತೆ. ಕೆಳಗೆ ಅಡಗಿದ್ದ ದಾದಿ ಹಿಡಿದುಕೊಂಡಳು. ಹಿಡಿಯುವಾಗ ಅವಳ ಬೆರಳು ತಾಗಿ ಒಂದು ಕಣ್ಣು ಹೋಯಿತು. ಅವನು ಬೌದ್ಧ ಸನ್ಯಾಸಿಯಾಗಿ ಬೆಳೆದು, ರಾಜ್ಯ ಕಟ್ಟಿ, ಮುಂದೆ ಬರಲಿರುವ ಮೈತ್ರೇಯ ಬುದ್ಧ ತಾನೇ ಎಂದು ಸಾರಿದ. ಎಲ್ಲರ ಮನಸ್ಸು ಓದಬಲ್ಲೆ ಎನ್ನುತ್ತಾ, ಅನುಮಾನ ಬಂದವರನ್ನೆಲ್ಲ ಕೊಲ್ಲಿಸಿದ. ಕೊನೆಗೆ ಅವನ ದಂಡನಾಯಕರೇ ಅವನನ್ನು ಇಳಿಸಿದರು. ಆ ರಾಜಧಾನಿಯ ಅವಶೇಷದ ನಡುವೆಯೇ ಈಗ ಎರಡು ಕೊರಿಯಾಗಳ ಗಡಿ ಹಾದುಹೋಗಿದೆ. ಆ ಕಡೆಯವರೂ ಈ ಕಡೆಯವರೂ ಒಳಗೆ ಕಾಲಿಡುವಂತಿಲ್ಲ.

ಆ ಊರಿನ ಪುಟ್ಟ ಮಾದರಿಯೊಂದನ್ನು ಮಟಿಯಾಸ್ ನಮ್ಮ ಕೋಣೆಯ ಮೇಜಿನ ಮೇಲೆ ಮರದಲ್ಲಿ ಕಟ್ಟುತ್ತಿದ್ದ. ಕೋಟೆ, ಅರಮನೆ, ಅದರ ಮುಂದೆ ಅಂಗೈ ಎತ್ತರದ ಒಂದು ಕಲ್ಲುದೀಪದ ಕಂಬ. ಕಂಬದ ಗೂಡು ಮಾತ್ರ ಯಾವಾಗಲೂ ಖಾಲಿ.

ಡಿಸೆಂಬರಿನ ಒಂದು ಶನಿವಾರ ಅವನ ಮುಖ ಸಪ್ಪಗಿತ್ತು. ಹೆತ್ತವಳ ಸುಳಿವೇ ಇಲ್ಲವೆಂದು ಕೊರಿಯಾದಿಂದ ಉತ್ತರ ಬಂದಿದೆ, ಇನ್ನು ಹುಡುಕುವುದಿಲ್ಲ ಎಂದ. ಈ ಮರವೆಲ್ಲ ಶಾಲೆಯ ಮಕ್ಕಳಿಗೆ ಆಗುತ್ತದೆ, ಇವತ್ತೇ ಬಿಚ್ಚಿಹಾಕುತ್ತೇನೆ ಎಂದೂ ಹೇಳಿದ.

ಗಂಟೆ ಇನ್ನೂ ಮೂರೂವರೆ, ಹೊರಗೆ ಮುಸ್ಸಂಜೆ. ದೇವರು ದಿಂಡಿರಲ್ಲಿ ನನಗೆ ಅಷ್ಟಕ್ಕಷ್ಟೇ. ಆದರೂ ದೀಪ ಹಚ್ಚುವ ಹೊತ್ತಿನಲ್ಲಿ ಗೂಡು ಖಾಲಿ ಬಿಡಬಾರದೆಂದು ಅಮ್ಮ ರೂಢಿ ಮಾಡಿಸಿದ್ದು ಮೈಸೂರು ಬಿಟ್ಟರೂ ಬಿಟ್ಟಿಲ್ಲ. ಲೈಬ್ರರಿಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಮನೆಯ ಕಿಟಕಿಗೆಂದು ದಾರಿಯಲ್ಲಿ ಕೊಂಡಿದ್ದ ಪುಟ್ಟ ಬ್ಯಾಟರಿ ದೀಪ ಚೀಲದಲ್ಲಿತ್ತು. ತೆಗೆದು ಗೂಡಿನಲ್ಲಿಟ್ಟು ಸ್ವಿಚ್ ಒತ್ತಿದೆ. ಹತ್ತಿಕೊಂಡಿತು.

"ಎಷ್ಟು ಬೆಚ್ಚಗಿದೆ ಈ ಬೆಳಕು," ಎಂದಳು ಇಂಗ್ರಿಡ್. ಮಟಿಯಾಸ್ ಬಗ್ಗಿ ಅದನ್ನೇ ನೋಡುತ್ತಿದ್ದ.

"ಒಳಗೆ ಯಾರೋ ಇದ್ದ ಹಾಗಿದೆ," ಎಂದ.

ನನ್ನ ಬಾಯಿಗೆ ಆ ಮಾತು ಹೇಗೆ ಬಂತೋ. "ಎಸೆದೋರ ಕಥೇನೇ ಯಾವಾಗ್ಲೂ ಹೇಳ್ತೀಯ ಮಟಿಯಾಸ್. ಕೆಳಗೆ ನಿಂತು ಹಿಡ್ಕೊಂಡೋಳೂ ಒಬ್ಳು ಇದ್ಲಲ್ಲ? ನಿನ್ನನ್ನೂ ಯಾರೋ ಹಿಡ್ಕೊಂಡಿದ್ದಕ್ಕೇ ನೀನು ಇಲ್ಲಿದ್ದೀಯ," ಎಂದೆ.

ಒಂದು ಸಲವಾದರೂ ಅಲ್ಲಿಗೆ ಹೋಗಿ ದೂರದಿಂದ ನೋಡಿ ಬರುತ್ತೇನೆ ಎಂದ ಅವನು. ಊರನ್ನು ಬಿಚ್ಚುವ ಮಾತು ಮತ್ತೆ ಎತ್ತಲಿಲ್ಲ. ನನಗೆ ಅಳು ಬಂದಂತಾಗಿ ಇನ್ನೊಂದು ಬನ್ನು ತಿಂದೆ.

ಅವರಿಬ್ಬರೂ ಕಪ್ಪು ತೊಳೆಯಲು ಹೋದಾಗ ದೀಪ ಆರಿಸೋಣವೆಂದು ಗೂಡಿನಿಂದ ತೆಗೆದು ಮಗುಚಿದೆ. ಬ್ಯಾಟರಿ ಕೂರುವ ಜಾಗ ಬರಿದಾಗಿತ್ತು. ಚೀಲ ತಡಕಿದೆ. ದೀಪದ ಜೊತೆ ಬೇರೆಯಾಗಿ ಕೊಂಡಿದ್ದ ಬ್ಯಾಟರಿಯ ಪೊಟ್ಟಣ ಒಡೆಯದೆ ಹಾಗೇ ಬಿದ್ದಿತ್ತು. ಎಡ ಅಂಗೈಯಲ್ಲಿ ದೀಪ ಉರಿಯುತ್ತಲೇ ಇತ್ತು. ಹೆದರಿಕೆಯಾಯಿತು ಎಂದರೆ ಸುಳ್ಳಾಗುತ್ತದೆ. ಯಾರೋ ಹಿರಿಯರು ಬಂದಿದ್ದಾರೆ, ಎದ್ದು ನಿಲ್ಲಬೇಕು ಅನ್ನಿಸಿತು. ನಿಂತೆ. ಆಗ ಅದು ಮೆಲ್ಲಗೆ ಆರಿತು.

ಮಟಿಯಾಸ್ ಒಳಬಂದವನೇ ಆ ದೀಪ ನನಗೆ ಕೊಡುತ್ತೀಯಾ ಎಂದು ಕೇಳಿದ. ಗಾಬರಿಯಲ್ಲಿ ದೀಪ ಕೊಟ್ಟೆ, ಪೊಟ್ಟಣ ನನ್ನಲ್ಲೇ ಉಳಿಯಿತು.

"ಒಳಗೆ ಸ್ವಲ್ಪ ಚಾರ್ಜ್ ಇರುತ್ತೆ ಕಣೇ, ಕೆಪಾಸಿಟರಲ್ಲಿ," ಎಂದ ಗಿರೀಶ, ಮನೆಗೆ ಬಂದು ಹೇಳಿದಾಗ. ಅಷ್ಟು ಹೊತ್ತು ಇರುತ್ತದೆಯೇ ಎಂದು ಕೇಳಿದ್ದಕ್ಕೆ ಟೀವಿಯ ಸದ್ದು ಜಾಸ್ತಿ ಮಾಡಿದ. ಅಂಥದೇ ದೀಪ ಇನ್ನೊಂದು ತಂದು ಬ್ಯಾಟರಿಯಿಲ್ಲದೆ ಸ್ವಿಚ್ ಒತ್ತಿ ನೋಡಿದೆ. ಮಿಣಕ್ ಎನ್ನಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮಟಿಯಾಸ್ ಕೊರಿಯಾಕ್ಕೆ ಹೋದ. ಗಡಿಯ ಪಕ್ಕದ ಗುಡ್ಡದಿಂದ ಆ ಬಯಲನ್ನು ನೋಡಿದ. ಹೆತ್ತವರನ್ನು ಹುಡುಕುವ ಕಚೇರಿಯಲ್ಲಿ ಡಿಎನ್‌ಎ ಪರೀಕ್ಷೆಗೆ ಮತ್ತೊಮ್ಮೆ ಎಂಜಲಿನ ಮಾದರಿ ಕೊಟ್ಟು ಬಂದ. ತಾಯಿ ಇನ್ನೂ ಸಿಕ್ಕಿಲ್ಲ. ಅವನು ಹುಡುಕುವುದನ್ನೂ ಬಿಟ್ಟಿಲ್ಲ, ಈಗ ಕೊರಿಯನ್ ಕಲಿಯುತ್ತಿದ್ದಾನೆ. ಅಮ್ಮ ಸಿಕ್ಕರೆ ಮೊದಲು ಆಡಬೇಕಾದ ಮಾತನ್ನು ನನಗೂ ಒಪ್ಪಿಸಿ ತೋರಿಸಿದ್ದಾನೆ.

ಆ ಮರದ ಊರು ಈಗ ಅವನ ಮನೆಯ ಕಿಟಕಿಯಲ್ಲಿದೆ. ಕೆಲಸದಿಂದ ಬರುವಾಗ ನನ್ನ ಬಸ್ಸು ಆ ಬೀದಿಯಲ್ಲೇ ಹಾಯುತ್ತದೆ. ಮುಸ್ಸಂಜೆಗೆ ಕಂಬದ ಗೂಡಿನಲ್ಲಿ ಆ ದೀಪ ಉರಿಯುತ್ತಿರುತ್ತದೆ. ಅವನೇ ಬ್ಯಾಟರಿ ಕೊಂಡು ಹಾಕಿರಬೇಕು, ಇನ್ನೇನು. ಒಂದು ಮಾತು ಕೇಳಿದರೆ ಎಲ್ಲ ಇತ್ಯರ್ಥವಾಗುತ್ತದೆ. ಎಷ್ಟೋ ಸಲ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಿದ್ದೇನೆ. ಅವನ ತಾಯಿ ಸಿಗುವವರೆಗೆ ನಾನು ಕೇಳುವುದಿಲ್ಲ.