ಒಗೆಯುವ ಕಲ್ಲಿನೊಳಗಿನ ಹೊಳೆ

ನಮ್ಮ ಹುಮನಾಬಾದಿನ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಸುತ್ತ ಎಲ್ಲಿ ಅಗೆದರೂ ಸಿಗುವುದು ಕರಿಕಲ್ಲು, ಇಲ್ಲವೇ ಕೆಂಪುಕಲ್ಲು; ಇದು ಮಾತ್ರ ಮರಳುಗಲ್ಲು. ರಾಜ್ಯ ಒಂದಾದ ವರ್ಷ, ಅಂದರೆ ಐವತ್ತಾರರಲ್ಲಿ, ಭೀಮಾ ಹೊಳೆಯ ಕಡೆಗೆ ಬಾಡಿಗೆ ಬಂಡಿ ಹೊಡೆದುಕೊಂಡು ಹೋಗಿದ್ದ ನಮ್ಮ ಮನೆಯವರು ಬರುವಾಗ ತಂದದ್ದು. ಅದರ ಮೇಲೆ ಮೂವತ್ತು ವರ್ಷ ಬಟ್ಟೆ ಒಗೆದೆ. ಅದರ ಹೊಟ್ಟೆಯಲ್ಲಿ ಒಂದು ಹೊಳೆ ಇದೆ ಅಂತ ನನಗೇನು ಗೊತ್ತು?

ಗೊತ್ತು ಮಾಡಿಸಿದವಳು ನನ್ನ ಮೊಮ್ಮಗಳು. ಗುಲ್ಬರ್ಗಾದಲ್ಲಿ ಕಲ್ಲುಮಣ್ಣಿನ ಶಾಸ್ತ್ರ ಓದುತ್ತಿದ್ದಳು. ನಾನು ಕಲಿತದ್ದು ಎರಡನೇ ಇಯತ್ತೆ. ಅವಳ ಪುಸ್ತಕದ ಭಾರಕ್ಕೇ ನನಗೆ ಖುಷಿ. ಒಂದು ಸಲ ಬಂದವಳು ಆ ಕಲ್ಲಿನ ಮಗ್ಗುಲಲ್ಲಿ ಓರೆ ಓರೆಯಾಗಿ ಕಾಣುವ ಗೆರೆಗಳ ಚಿತ್ರ ಬರೆದುಕೊಂಡು ಹೋದಳು. ಮುಂದಿನ ವಾರ ಮುಖ ಬಾಡಿಸಿಕೊಂಡು ಬಂದಳು. ಮರಳಿನ ಪದರು ಹೀಗೆ ಕೂರುವುದೇ ಇಲ್ಲ, ಕಲ್ಲು ನೋಡದೆ ಗೀಚಿದ್ದೀ ಅಂತ ಮಾಸ್ತರರು ಚಿತ್ರ ವಾಪಸ್ ಕೊಟ್ಟಿದ್ದರಂತೆ. ಸೋಮವಾರದೊಳಗೆ ಸರಿಮಾಡದಿದ್ದರೆ ಸೊನ್ನೆ. ಸೊನ್ನೆಗಿಂತ ಸುಳ್ಳುಗಾತಿ ಅನ್ನಿಸಿಕೊಂಡದ್ದು ಅವಳಿಗೆ ಚುಚ್ಚಿತ್ತು.

ಮತ್ತೆ ನೋಡಿದಳು. ಗೆರೆಗಳು ಹಾಗೆಯೇ ಇದ್ದವು. ಹೇಗಿರಬೇಕಿತ್ತು ಅಂತ ಕೇಳಿದೆ. ಈ ಕಲ್ಲು ಅಂದರೆ ಬಹಳ ಹಿಂದೆ ಹೊಳೆ ತಂದು ಹಾಕಿದ ಮರಳೇ ಗಟ್ಟಿಯಾದದ್ದಂತೆ; ಗೆರೆಗಳು ಆ ಮರಳಿನ ಪದರುಗಳು. ಹೊಳೆ ನಿಂತ ನೀರಿಗೆ ಸೇರುವ ಕಡೆ ಅದರ ಓಟ ಕುಂದುತ್ತದಂತೆ. ಹೊತ್ತು ತಂದ ದಪ್ಪ ಮರಳು ಅಲ್ಲೇ ಇಳಿಜಾರಾಗಿ ಬೀಳುತ್ತದೆ, ಸಣ್ಣದು ಮುಂದೆ ಹೋಗುತ್ತದೆ. ಸುರಿದದ್ದರ ಮೇಲೆ ಮತ್ತೆ ಸುರಿದು ನೆಲವೇ ನೀರಿನೊಳಕ್ಕೆ ಬೆಳೆಯುತ್ತಾ ಹೋಗುತ್ತದೆ.

ನಾನು ಮುಡಬಿಯ ತವರಿನ ಕಣದಲ್ಲಿ ಜೋಳ ತೂರುತ್ತಾ ಬೆಳೆದವಳು. ಗಟ್ಟಿ ಕಾಳು ಕಾಲ ಬಳಿ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ರಾಶಿಯ ಮೇಲೆ ಬುಟ್ಟಿ ಸುರಿದರೆ ಕಾಳು ಜಾರಿ ಬುಡದಲ್ಲಿ ಹರಡಿಕೊಳ್ಳುತ್ತದೆ. ಇದೂ ಅದೇ ಅಲ್ಲವೇ ಅಂದುಕೊಂಡು ಕಲ್ಲಿನ ಪಕ್ಕ ಕೂತು ನೋಡಿದೆ. ಗೆರೆಗಳು ಕೆಳಗೆ ಕಡಿದಾಗಿದ್ದವು, ಮೇಲೆ ಹೋಗಿ ಹರಡಿಕೊಂಡಿದ್ದವು.

“ರಾಶಿ ಬುಡ ಮ್ಯಾಲ ಅದಲ್ಲವ್ವಾ,” ಅಂದೆ. “ಕಲ್ಲು ತಲಿಕೆಳಗ ಬಿದ್ದದ.”

ಅಂದ ಮೇಲೆ ನೆನಪಾಯಿತು. ಹೊಸತರಲ್ಲಿ ಕಲ್ಲಿನ ಮೇಲ್ಮೈಯೆಲ್ಲ ಏಣು ಏಣಾಗಿತ್ತು. ಒಗೆಯುವಾಗ ನನ್ನ ಹೊಸ ಹಸಿರು ಸೀರೆ ಹರಿದಿತ್ತು. ಜಗಳ ತೆಗೆದು, ಗೌಂಡಿಯನ್ನು ಕರೆಸಿ, ಮಗುಚಿ ಹಾಕಿಸಿದವಳು ನಾನೇ.

“ಆಯಿ, ಮೂವತ್ತು ವರ್ಷ ಹೇಳಿಲ್ಲಲ್ಲ ನೀ?”

“ಯಾರ ಕೇಳ್ಯಾರ ನನಗ?”

ಮಗ ಹಾರೆ ಹಾಕಿ ಮೀಟಿದ. ಅಡಿಗೆ ಹತ್ತಿದ್ದ ಮಣ್ಣು ತೊಳೆದರೆ, ಹಳ್ಳದ ದಂಡೆಯ ಮರಳಿನ ಮೇಲೆ ನೀರು ಬಿಟ್ಟುಹೋಗುತ್ತದಲ್ಲ, ಅಂಥವೇ ಅಲೆಗಳು, ಸಾಲು ಸಾಲಾಗಿ! ಒಗೆತಕ್ಕೆ ಸಿಗದ್ದರಿಂದ ಒಂದೂ ಸವೆದಿರಲಿಲ್ಲ. ಅಲೆಯ ಚೂಪು ಯಾವ ಕಡೆಗೋ ಅದೇ ಮೇಲು ಅಂದಳು ಮೊಮ್ಮಗಳು. ಮೊದಲಿನ ಚಿತ್ರ ಅಳಿಸಲಿಲ್ಲ. ಪಕ್ಕದಲ್ಲೇ ಇನ್ನೊಂದು ಬರೆದು, ಕಲ್ಲನ್ನು ಯಾರು, ಯಾಕೆ ಮಗುಚಿದರು ಅಂತ ಕೆಳಗೆ ಸೇರಿಸಿದಳು.

ಹದಿನೈದು ದಿನದ ಮೇಲೆ ಬಸವಕಲ್ಯಾಣಕ್ಕೆ ಹೊರಟಿದ್ದ ಮಾಸ್ತರರು ನಮ್ಮಲ್ಲಿ ಇಳಿದರು. ಕಲ್ಲಿನ ಸುತ್ತ ಎರಡು ಸಲ ತಿರುಗಿದರು.

“ನಿಮ್ಮ ಮೊಮ್ಮಗಳು ಕಂಡದ್ದನ್ನೇ ಬರದಾಳ್ರಿ. ನಾನೇ ತಪ್ಪು ತಿಳ್ಕೊಂಡೆ,” ಅಂದರು. ಆಮೇಲೆ ನಗುತ್ತಾ, ಸೀರೆಯ ಕಥೆಯೂ ಖರೆಯೇನು ಅಂತ ಕೇಳಿದರು.

ನಾನು ಒಳಗೆ ಓಡಿದೆ. ಆ ಹರಿದ ಸೀರೆಯ ಹಸಿರು ತುಂಡು, ಹಳೆ ಬಟ್ಟೆ ಕೂಡಿಸಿ ಹೊಲಿದ ನನ್ನ ಕೌದಿಯಲ್ಲಿ ಇನ್ನೂ ಇತ್ತು.