ಅವನು ತಂದ ಬನ್ನಿ

ಹುಕ್ಕೇರಿಯ ಅವನೂ ಮೂಡಲಗಿಯ ನಾನೂ, ಇಬ್ಬರು ಗಂಡಸರು, ಆರು ವರ್ಷ ಪ್ರೀತಿಸಿದೆವು. ನಮ್ಮ ಮನೆಯಲ್ಲಿ ಮಾತ್ರ ಅವನು ನನ್ನ ದೋಸ್ತ, ಅಷ್ಟೇ. ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ದಡ್ಡಿ ಊರಿನವನೊಬ್ಬನ ಜೊತೆ ಕಂಡು, ಆಮೇಲೆ ನಿಮ್ಮಿಬ್ಬರ ನಡುವೆ ಏನಾದರೂ ಇದೆಯೇ ಎಂದು ಕೇಳಿದರೆ, "ಹೂಂ, ಖರೆ ಐತಿ" ಎಂದುಬಿಟ್ಟ. ಅಕ್ಕನ ಗಂಡ ಹೀಗೆ ಮಾಡಿದ್ದರೆ ಅವಳು ತವರಿಗೆ ಬಂದು ಅತ್ತಿರುತ್ತಿದ್ದಳು. ಹಿರಿಯರು ಅವನನ್ನು ಕರೆಸಿ ಬೈದಿರುತ್ತಿದ್ದರು. ನಾನೋ ತವರಿನಲ್ಲೇ ಇದ್ದೆ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುತ್ತಿರಲಿಲ್ಲ.

ದಸರೆಯ ಸಂಜೆ ಅವನು ಬನ್ನಿ ಎಲೆ ಹಿಡಿದು ಬಂದೇಬಿಟ್ಟ. ಬೈಕಿನ ಹಿಂದಿನ ಸೀಟಿನಲ್ಲಿ ಆ ದಡ್ಡಿಯವನು. ಎಷ್ಟು ಧೈರ್ಯ! ಆದರೆ ಬನ್ನಿ ಕೊಡಲು ಬಂದವರನ್ನು, ವೈರಿಯಾದರೂ, ನಮ್ಮ ಕಡೆ ವಾಪಸ್ ಕಳಿಸುವಂತಿಲ್ಲ.

"ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದ, ನನ್ನ ಮುಖ ನೋಡದೆ.

ತೆಗೆದುಕೊಂಡೆ. ಬನ್ನಿ ಕೊಟ್ಟವರನ್ನು ಅಪ್ಪಿಕೊಳ್ಳಬೇಕು, ಅಪ್ಪಿಕೊಂಡೆ. ಅವ್ವನ ಎದುರಿಗೇ ನಾವಿಬ್ಬರೂ ಅಪ್ಪಿಕೊಳ್ಳಬಹುದಾಗಿದ್ದ ಒಂದೇ ದಿನ ಅದು. ಪ್ರತಿ ವರ್ಷ ಅದಕ್ಕಾಗಿ ಕಾಯುತ್ತಿದ್ದೆ. ಈ ಸಲ ಯಾವಾಗ ಬಿಟ್ಟಾನು ಅನಿಸಿತು.

ಹೊಸಬ ಅವ್ವನ ಕಾಲು ಮುಟ್ಟಿದ.

"ಯಾರಪಾ ಇಂವ?" ಎಂದಳು ಅವ್ವ.

"ನನ್ನ ದೋಸ್ತರೀ, ಕಾಕೂ" ಎಂದ ಅವನು.

ಅವ್ವ ಹೊಸಬನ ತಲೆ ಸವರಿದಳು. "ನೀನೂ ನನ್ನ ಮಗಾ ಇದ್ದಂಗಪಾ. ಬರ್ಕೋತ ಇರು."

ಆರು ವರ್ಷದ ಹಿಂದೆ ಅವನನ್ನು ಮೊದಲ ಸಲ ಮನೆಗೆ ಕರೆತಂದಾಗಲೂ ಅವ್ವ ಇದೇ ಮಾತು ಹೇಳಿದ್ದಳು. ಅವತ್ತು ನಾನು ಅಡುಗೆಮನೆಗೆ ಹೋಗಿ ಖುಷಿಗೆ ಅತ್ತಿದ್ದೆ.